ಹನ್ನೊಂದು ಉಪಗ್ರಹಗಳೂ ನಮ್ಮ ದೊಡ್ಡ ನಾದಿನಿಯೂ

ಮೊನ್ನೆ ರವಿಕೆಗೆ ಹುಕ್ಸ್ ಹುಡುಕಲು ಗುಂಡಿ ಡಬ್ಬಿ ತೆಗೆದೆ. ನಮ್ಮ ಮನೆಯ ಗುಂಡಿ ಡಬ್ಬಿಯಲ್ಲಿ ಗುಂಡಿಯೊಂದನ್ನು ಬಿಟ್ಟು ಎಲ್ಲವೂ ಸಿಗುತ್ತದೆ. ಕಳೆದುಹೋದ ಬೀಗದ ಕಳೆಯದ ಕೀ, ಮುಗಿದ ಸೆಲ್ಲು, ಯಾವ ಕಾಲದ್ದೋ ಮಿಕ್ಸಿಯ ರಬ್ಬರು, ಮಗಳ ಹಾಲುಹಲ್ಲು ಸುತ್ತಿಟ್ಟ ಕಾಗದ. ಇವುಗಳ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದು ಕೈಗೆ ಬಂತು. ಹುಕ್ಸ್ ಸಿಗಲಿಲ್ಲ. ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಒಬ್ಬಳೇ ನಕ್ಕೆ. ನೀವು ನಮ್ಮ ಮನೆಗೆ ಬಂದಿದ್ದರೆ ಕಾಫಿ ಕೊಡುತ್ತಾ ಹೇಳುತ್ತಿದ್ದೆ. ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅದರ ಹೆಸರು ಜಿಪಿಎಸ್ ರಿಸೀವರ್. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಮಾತು ಕೇಳಿ, ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂದು ತಿಳಿದುಕೊಳ್ಳುವ ಯಂತ್ರ. ಇಂಥದ್ದು ನಮ್ಮಂಥವರ ಮನೆಗೆ ಬಂದದ್ದು ಮಗಳು ಚೈತ್ರಳ ಮದುವೆಯ ಕಾಲಕ್ಕೆ.

ನಮ್ಮದು ಹುಣಸೂರು. ನಮ್ಮ ಯಜಮಾನರಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಅವರ ಕೈಯಲ್ಲಿ ತಾಮ್ರದ ತಂತಿ ಸುತ್ತಿಸಿಕೊಂಡು ಮತ್ತೆ ನೀರೆತ್ತುತ್ತವೆ. ಮದುವೆ ಗೊತ್ತಾದ ತಿಂಗಳಲ್ಲೇ ಒಂದು ಹಳೇ ಕಾರನ್ನೂ ಕೊಂಡಿದ್ದರು. ನಮ್ಮ ಕಡೆ ಮದುವೆ ಪತ್ರಿಕೆಯನ್ನು ಅಂಚೆಗೆ ಹಾಕುವಂತಿಲ್ಲ, ಫೋನಿನಲ್ಲಿ ಕಳಿಸುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು, ಎಲೆ ಅಡಿಕೆಯ ಮೇಲೆ ಪತ್ರಿಕೆಯಿಟ್ಟು ಕರೆಯಬೇಕು. ನಾಲ್ಕು ತಾಲ್ಲೂಕಿನಲ್ಲಿ ಹರಡಿಕೊಂಡ ಅರವತ್ತು ಚಿಲ್ಲರೆ ಮನೆಗಳು. ಇಷ್ಟು ವರ್ಷ ನಾವು ಬಸ್ಸಿಳಿದು ನಡೆದು ಹೋಗಿಬಂದವರು. ಬಸ್ಸಿನ ದಾರಿ ಡ್ರೈವರಿಗೆ ಗೊತ್ತಿರುತ್ತಿತ್ತು, ಕಾರಿನ ದಾರಿ ನಮಗೇ ಗೊತ್ತಿರಬೇಕು.

ದಾರಿ ಕೇಳುವುದರಲ್ಲಿ ನಮ್ಮಪ್ಪ ಇದ್ದರು ನೋಡಿ, ಅವರಂಥವರು ಇನ್ನೊಬ್ಬರಿಲ್ಲ. ನಮ್ಮಕ್ಕನ ಮದುವೆಗೆ ಕರೆಯಲು ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಪಿರಿಯಾಪಟ್ಟಣದ ಆಚೆಯ ಹಳ್ಳಿಗೆ ಹೋಗಿದ್ದರು. ಊರ ಮುಂದೆ ಒಬ್ಬ ಮುದುಕಿ ಹೊಗೆಸೊಪ್ಪು ಕಟ್ಟುತ್ತಾ ಕೂತಿದ್ದಳು. ಇಂಥವರ ಮನೆ ಎಲ್ಲಿ ಎಂದು ಅಪ್ಪ ಕೇಳಿದರೆ ಆಕೆ ಮನೆ ತೋರಿಸಲಿಲ್ಲ. "ನೀವ್ ಯಾರ ಕಡೆಯೋರು?" ಎಂದಳು. ಅಪ್ಪ ಊರು ಹೇಳಿದರು, ತಾತನ ಹೆಸರು ಹೇಳಿದರು, ಅಜ್ಜಿಯ ತವರು ಹೇಳಿದರು. ಅಜ್ಜಿಯ ತವರಿಗೆ ಬರುವ ಹೊತ್ತಿಗೆ ಮುದುಕಿ ನಮಗೆ ದೊಡ್ಡಮ್ಮನಾಗಿಬಿಟ್ಟಿದ್ದಳು. ನನ್ನ ಕೈಗೆ ಒಂದು ಉಂಡೆ ಬೆಲ್ಲ ಕೊಟ್ಟು ಆಮೇಲೆ ದಾರಿ ಹೇಳಿದಳು. "ಇಲ್ಲೇ ಒಂದ್ ಬೀಡಿ ದೂರ ಕಣಪ್ಪ. ಮೂರು ಬ್ಯಾರನ್ ಕಳೆದ್ರೆ ನಾಕನೇದ್ರ ಇಂದ್ಗಡೆ." ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಅದೇನೋ ಕಾಣುತ್ತಿತ್ತು. ಆದರೆ ಅಪ್ಪ ಬೀಡಿ ಸೇದುತ್ತಿರಲಿಲ್ಲವಾಗಿ, ಒಂದು ಬೀಡಿ ಎಷ್ಟು ದೂರಕ್ಕೆ ಬರುತ್ತದೆಂದು ತಿಳಿಯದೆ ನಾವು ಊರು ದಾಟಿ ಕೆರೆಯವರೆಗೂ ಹೋಗಿಬಿಟ್ಟಿದ್ದೆವು.

ನಮ್ಮ ಯಜಮಾನರಿಗೋ, ದಾರಿ ಕೇಳುವುದೆಂದರೆ ಸಾಲ ಕೇಳಿದಷ್ಟು ಸಂಕೋಚ. ಮೊಬೈಲು ದಾರಿ ತೋರಿಸುತ್ತದಲ್ಲ ಎಂದರೆ, ಅದರ ಅಕ್ಷರ ಕಾಣಲು ಕನ್ನಡಕ ಹಾಕಬೇಕು, ರಸ್ತೆ ಕಾಣಲು ಕನ್ನಡಕ ತೆಗೆಯಬೇಕು. ಹಾಕಿ ತೆಗೆದು ಮಾಡುವಷ್ಟರಲ್ಲಿ ಒಂದು ಎಮ್ಮೆ ಎದುರಿಗೆ ಬಂದು ನಿಂತಿತ್ತು. ಆಗ ನೆನಪಾದದ್ದು ಬೀರುವಿನಲ್ಲಿ ಮಲಗಿದ್ದ ಟ್ಯಾಬು. ಚೈತ್ರ ಪಿರಿಯಾಪಟ್ಟಣದ ಒಂದು ಶಾಲೆಯಲ್ಲಿ ಟೀಚರ್. ಶಾಲೆ ಮುಚ್ಚಿದ್ದ ಕಾಲದಲ್ಲಿ ಮನೆಯಿಂದ ಪಾಠ ಹೇಳಲು ಕೊಂಡದ್ದು. ತಟ್ಟೆಯಷ್ಟು ಅಗಲ. ಅದನ್ನು ಕಾರಿನ ಮುಂದೆ ಕೂರಿಸಿ ಬಿಳಿಕೆರೆವರೆಗೆ ಹೋಗಿ ನೋಡಿದೆವು. ನಕ್ಷೆಯಲ್ಲಿ ನಾವಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆ ಹುಣಸೂರಿನ ನಮ್ಮ ಅಡುಗೆಮನೆ ಬಿಟ್ಟು ಕದಲಲೇ ಇಲ್ಲ.

"ನಾವ್ ಬಂದ್ರೂ ಇದು ಬಂದಿಲ್ವಲ್ಲೇ" ಎಂದರು ಯಜಮಾನರು.

ಅಡುಗೆಮನೆ ಬಿಟ್ಟು ಹೊರಡಲು ಎಷ್ಟು ಕಷ್ಟವೆಂದು ನನಗೆ ಗೊತ್ತು. ಚುಕ್ಕೆಯ ಮೇಲೆ ನನಗೇನೂ ಬೇಸರವಾಗಲಿಲ್ಲ.

ಚೈತ್ರ ಕೇಳಿ ನಕ್ಕಳು. ಆ ಟ್ಯಾಬು ವೈಫೈ ಮಾತ್ರ ಇರುವಂಥದ್ದಂತೆ, ಅದರ ಹೊಟ್ಟೆಯಲ್ಲಿ ಜಿಪಿಎಸ್ ಇಲ್ಲವಂತೆ. ಹೊರಗಿನಿಂದ ಒಂದು ರಿಸೀವರ್ ಜೋಡಿಸಿದರೆ ಸರಿಹೋಗುತ್ತದೆಂದು ತಾನೇ ತರಿಸಿಕೊಟ್ಟಳು. ಹೀಗೆ ಬಂದದ್ದು ಈ ಕಪ್ಪು ಡಬ್ಬಿ.

ಜೋಡಿಸುವ ಕೆಲಸ ಎಂದ ಮೇಲೆ ಯಜಮಾನರು ತೋಳು ಮಡಿಸಿ ಕೂತರು. ಮೂವತ್ತು ವರ್ಷ ತಂತಿಯೊಡನೆ ಬಾಳಿದ ಮನುಷ್ಯ. ಡಬ್ಬಿಯ ಒಂದು ತೂತಿಗೆ ಚಾರ್ಜರ್ ವೈರು ಸಿಕ್ಕಿಸಿದರು, ಇನ್ನೊಂದು ತುದಿಯನ್ನು ಟ್ಯಾಬಿಗೆ ಚುಚ್ಚಿದರು, ದೀಪ ಹತ್ತಿತು. "ಕನೆಕ್ಷನ್ ಆಯ್ತು ಕಣೆ" ಎಂದು ಅಂಗಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಟ್ಯಾಬು ಸತ್ತುಹೋಗಿತ್ತು. ಅದರ ಚಾರ್ಜನ್ನೆಲ್ಲ ಡಬ್ಬಿ ಕುಡಿದು ಕೂತಿತ್ತು.

ಆಮೇಲೆ ಆ ಕೆಲಸ ನನಗೆ ಬಂತು. ಚೈತ್ರ ಶಾಲೆಯ ಬಿಡುವಿನಲ್ಲಿ ಫೋನು ಮಾಡಿ ಹೇಳಿಕೊಟ್ಟಳು.

"ಅಮ್ಮ, ವೈರು ಬೇಡ. ಬ್ಲೂಟೂತ್ ಆನ್ ಮಾಡು. ಹೆಸರುಗಳು ಬರ್ತವೆ ನೋಡು."

ಬಂದವು. ಪಕ್ಕದ ಮನೆಯವರ ಟಿವಿ, ಎದುರು ಮನೆ ಮಹಡಿಯ ಹುಡುಗಿಯ ಇಯರ್‌ಫೋನು, ಯಾರದೋ ಸ್ಪೀಕರ್. ನಮ್ಮ ಬೀದಿಯಲ್ಲಿ ಗೋಡೆಗಳ ಮೂಲಕ ಇಷ್ಟೊಂದು ಜನ ಒಬ್ಬರನ್ನೊಬ್ಬರು ಕರೆಯುತ್ತಿದ್ದಾರೆಂದು ಅವತ್ತೇ ತಿಳಿದದ್ದು. ಕೊನೆಯಲ್ಲಿ ಬರೀ ಅಂಕಿ ಅಕ್ಷರಗಳ ಒಂದು ಹೆಸರಿತ್ತು, ಅದೇ ನಮ್ಮದು. ಒತ್ತಿದೆ. ಗುಟ್ಟಿನ ಸಂಖ್ಯೆ ಕೇಳಿತು. ನಾಲ್ಕು ಸೊನ್ನೆ ಎಂದಳು ಚೈತ್ರ. ಗುಟ್ಟು ಇಷ್ಟು ಸುಲಭವಿದ್ದರೆ ಕೇಳುವುದೇತಕ್ಕೆ ಎಂದೆ ನಾನು. ಎರಡೂ ಜೋಡಿಯಾದವು, ಆದರೆ ಚುಕ್ಕೆ ಕದಲಲಿಲ್ಲ.

"ಈಗ ಸೆಟ್ಟಿಂಗ್ಸ್‌ಗೆ ಹೋಗಿ, ಬಿಲ್ಡ್ ನಂಬರ್ ಅಂತ ಇರತ್ತೆ, ಅದರ ಮೇಲೆ ಏಳು ಸಲ ಒತ್ತು."

"ಏಳೇ ಯಾಕೆ?"

"ಅಮ್ಮ, ಬೆಲ್ ಹೊಡೀತಾರೆ, ಒತ್ತು!"

ಮೂರು ಸಲ ಒತ್ತಿದ ಮೇಲೆ, ಡೆವಲಪರ್ ಆಗಲು ಇನ್ನು ನಾಲ್ಕೇ ಹೆಜ್ಜೆ ಎಂದು ಅದೇ ಹೇಳಿತು. ನನಗೂ ಹುರುಪು ಬಂತು. ಏಳನೆಯದಕ್ಕೆ, ನೀವೀಗ ಡೆವಲಪರ್ ಎಂದುಬಿಟ್ಟಿತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಎರಡು ಸಲ ಕಟ್ಟಿದವಳು ನಾನು. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿರುವಾಗ, ಒಂದು ಬೆರಳಿನಲ್ಲಿ, ಡೆವಲಪರ್ ಆದೆ. ಆ ಬಾಗಿಲೊಳಗೆ ಮಾಕ್ ಲೊಕೇಶನ್ ಎಂಬ ಕಡೆ ಡಬ್ಬಿಯ ಆ್ಯಪನ್ನು ಆರಿಸಬೇಕಿತ್ತು. ಹಾಗೆಂದರೆ ಸುಳ್ಳು ಜಾಗ ಎಂದು ಅರ್ಥವಂತೆ. ಹೊರಗಿನ ಡಬ್ಬಿ ಹೇಳುವುದನ್ನು ಟ್ಯಾಬು ನಂಬಬೇಕಾದರೆ ಮೊದಲು ಅದನ್ನು ಸುಳ್ಳು ಎಂದು ಒಪ್ಪಿಕೊಳ್ಳಬೇಕಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಮನೆಯಲ್ಲಿ ನನ್ನ ಮಾತಿಗೂ ಇದೇ ಮರ್ಯಾದೆಯಿತ್ತಾದ್ದರಿಂದ ನನಗೆ ಅರ್ಥವಾಯಿತು.

ಆದರೂ ಉಪಗ್ರಹ ಸೊನ್ನೆ ಎಂದೇ ತೋರಿಸುತ್ತಿತ್ತು. ನಮ್ಮದು ಹೆಂಚಿನ ಮೇಲೆ ತಗಡು ಹೊದಿಸಿದ ಮನೆ. ಡಬ್ಬಿಗೆ ಆಕಾಶ ಕಾಣಬೇಕೆಂದು ಹೊಳೆದು ತುಳಸಿಕಟ್ಟೆಯ ಮೇಲಿಟ್ಟೆ. ಒಂದಾಯಿತು. ಮೂರಾಯಿತು. ಏಳು. ಹನ್ನೊಂದು! ಅಡುಗೆಮನೆಯಲ್ಲಿ ವಾರದಿಂದ ಕೂತಿದ್ದ ನೀಲಿ ಚುಕ್ಕೆ ಟಣ್ಣನೆ ಎಗರಿ ತುಳಸಿಕಟ್ಟೆಗೆ ಬಂತು. ಯಜಮಾನರು ಕೈಮುಗಿದರು. ತುಳಸಿಗೋ, ಡಬ್ಬಿಗೋ ಕೇಳಲಿಲ್ಲ.

ಇಲ್ಲಿಯವರೆಗೆ ಬರೀ ಸಂತೋಷ. ನಾನು ಎಡವಿದ್ದು ಮುಂದೆ.

ಮೊದಲ ದಿನ ಗೊತ್ತಿರುವ ನಾಲ್ಕು ಮನೆಗಳಿಗೇ ಹೋಗಿ ಯಂತ್ರವನ್ನು ಪರೀಕ್ಷಿಸೋಣ ಎಂದಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ಕ್ರಮವಾಗಿ ಬರೆದಿದ್ದೆ. ಮೊದಲು ಕೋಟೆ ತಾಲ್ಲೂಕಿನ ಹಂಪಾಪುರದ ಹತ್ತಿರದ ಊರಿನ ಜಯಮ್ಮಕ್ಕ, ಯಜಮಾನರ ಅಕ್ಕ. ಎರಡನೆಯದು ಭೇರ್ಯದ ಕಡೆಗೆ ಕೊಟ್ಟ ಸರೋಜ, ಯಜಮಾನರ ತಂಗಿ. ಆಮೇಲೆ ಪಿರಿಯಾಪಟ್ಟಣದಲ್ಲಿ ಅವರ ಸ್ನೇಹಿತರೊಬ್ಬರು, ಕೆ.ಆರ್. ನಗರದಲ್ಲಿ ನನ್ನ ಶಾಲೆಯ ಗೆಳತಿ. ಸ್ನೇಹಿತರಿಗೆ ಹಿಂದು ಮುಂದಿಲ್ಲ. ಒಡಹುಟ್ಟಿದವರಿಗೆ ಇದೆ. ದೇವರಿಗೆ ಪತ್ರಿಕೆಯಿಟ್ಟ ಮೇಲೆ ನೆಂಟರಲ್ಲಿ ಮೊದಲ ಮನೆ ಹಿರಿಯಕ್ಕನದು. ಅದರಲ್ಲೂ ಚೈತ್ರ ಮೂರು ವರ್ಷದ ಮಗುವಾಗಿದ್ದಾಗ ನಾನು ಕಾಮಾಲೆಯಾಗಿ ಮಲಗಿದ್ದರೆ, ಎದೆಗವಚಿಕೊಂಡು ಒಯ್ದು ಒಂದು ವರ್ಷ ಸಾಕಿದವರು ಜಯಮ್ಮಕ್ಕ. ನಮ್ಮಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚುವುದು ಹಿರಿ ಸೋದರತ್ತೆ. ಚೈತ್ರ ಮೊದಲೇ ಹೇಳಿದ್ದಳು, "ದೊಡ್ಡತ್ತೆ ಅರಿಶಿನ ಹಚ್ಚದಿದ್ರೆ ನಾನು ಹಸೆಮಣೆ ಹತ್ತಲ್ಲ."

ಮನೆಯ ವೈಫೈಯಲ್ಲಿ ನಕ್ಷೆಯನ್ನೆಲ್ಲ ಮೊದಲೇ ಇಳಿಸಿಕೊಂಡು, ನಾಲ್ಕೂ ಊರನ್ನು ಟ್ಯಾಬಿಗೆ ಹಾಕಿದೆ. ಕ್ರಮ ಬದಲಿಸಿದರೆ ನಲವತ್ತು ಕಿಲೋಮೀಟರ್ ಉಳಿಯುತ್ತದೆ, ಬದಲಿಸಲೇ ಎಂದು ಕೇಳಿತು. ಡೆವಲಪರ್ ಆದ ಹಮ್ಮು ಇನ್ನೂ ಇಳಿದಿರಲಿಲ್ಲ. ಸರಿ ಎಂದು ಒತ್ತಿದೆ.

ಬೆಳಿಗ್ಗೆ ಹೊರಟರೆ ಅದು ಪಿರಿಯಾಪಟ್ಟಣದ ಕಡೆಗೆ ತಿರುಗಿ ಎಂದಿತು.

"ಅಕ್ಕನ ಊರು ಆ ಕಡೆ ಅಲ್ವೇನೇ?"

"ಪರೀಕ್ಷೆ ಅಂದಿದ್ದು ನೀವೇ. ಅದು ಹೇಳಿದಂಗೆ ಹೋಗಿ" ಎಂದೆ.

ಪಿರಿಯಾಪಟ್ಟಣದ ಸ್ನೇಹಿತರಿಗೆ ಕೊಟ್ಟೆವು. ಅದರಿಂದ ದೋಷವಿಲ್ಲ. ಅಲ್ಲಿಂದ ಅದು ಬೆಟ್ಟದಪುರದ ಮೇಲೆ ಕರೆದುಕೊಂಡು ಹೋಗಿ ಭೇರ್ಯದ ಹತ್ತಿರ, ಗದ್ದೆ ಬದಿಯ ಸರೋಜಳ ಮನೆಯ ಬಾಗಿಲಿಗೇ ನಿಲ್ಲಿಸಿ, ನೀವು ತಲುಪಿದ್ದೀರಿ ಎಂದಿತು. ಅಕ್ಕನಿಗಿಂತ ಮೊದಲು ತಂಗಿಯ ಬಾಗಿಲಿಗೆ ಬಂದಿದ್ದೇವೆಂದು ನಮಗೆ ಹೊಳೆದದ್ದು ಆಗಲೇ. ಗಾಡಿ ತಿರುಗಿಸೋಣವೆಂದರೆ ಸರೋಜ ಆಗಲೇ ಸೆರಗಿನಲ್ಲಿ ಕೈ ಒರೆಸಿಕೊಂಡು ಓಡಿಬಂದಿದ್ದಳು. ಕಜ್ಜಾಯ ಬಂತು, ಕಾಫಿ ಬಂತು.

"ಅಕ್ಕಂಗೆ ಕೊಟ್ಟು ಬಂದ್ರಾ ಅತ್ತಿಗೆ?"

ನನ್ನ ಬಾಯಿ ತುಂಬ ಕಜ್ಜಾಯವಿತ್ತು. ತಲೆಯನ್ನು ಹೌದಿಗೂ ಇಲ್ಲಕ್ಕೂ ನಡುವೆ ಒಂದು ಥರ ಆಡಿಸಿದೆ. ಅವಳು ಹೌದೆಂದುಕೊಂಡಳು. ನಾನು ಬಾಯಿ ಖಾಲಿಯಾದ ಮೇಲೂ ತಿದ್ದಲಿಲ್ಲ. ಪತ್ರಿಕೆ ತೆಗೆದುಕೊಂಡವಳು ಅದರ ಫೋಟೋ ಹೊಡೆದು, ಅಣ್ಣ ಅತ್ತಿಗೆ ಬಂದು ಕರೆದರು ಎಂದು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದಳು. ಆ ಗುಂಪಿನಲ್ಲಿ ಜಯಮ್ಮಕ್ಕ ಇದ್ದಾರೆ. ದಿನವೂ ಮೊದಲು ಶುಭೋದಯ ಹೇಳುವವರೇ ಅವರು.

ಕೆ.ಆರ್. ನಗರದಲ್ಲಿ ಗೆಳತಿಗೆ ಕೊಟ್ಟು, ಬಿಳಿಕೆರೆಯಲ್ಲಿ ಮೈಸೂರು ರಸ್ತೆ ದಾಟಿ, ಹಂಪಾಪುರದ ಕಡೆ ತಲುಪುವಾಗ ಹೊತ್ತು ವಾಲಿತ್ತು. ಜಯಮ್ಮಕ್ಕ ಜಗುಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು.

"ಬನ್ನಿ, ಬನ್ನಿ. ಕೂತ್ಕೊಳಿ" ಎಂದರು.

ಯಜಮಾನರ ಮುಖದ ಬಣ್ಣ ಹೋಯಿತು. ಹುಟ್ಟಿದಾಗಿನಿಂದ ಅವರನ್ನು ಏನ್ಲಾ ನಾಗ, ಬಾರ್ಲಾ ನಾಗ ಎಂದೇ ಕರೆದ ಅಕ್ಕ.

"ಮಜ್ಜಿಗೆ ತಕ್ಕೊತೀರಾ? ಬಿಸ್ಲಲ್ಲಿ ದಣಿದು ಬಂದಿದ್ದೀರಿ."

"ಅಕ್ಕ, ನೀನು ನನ್ನ ಬೈಯಿ, ಒಡಿ. ತಕ್ಕೊತೀರಾ ಅನ್ಬ್ಯಾಡ" ಎಂದು ಯಜಮಾನರು ಅಲ್ಲೇ ಕೆಳಗೆ ಕೂತುಬಿಟ್ಟರು.

ನಾನು ಕುಂಕುಮದ ಬಟ್ಟಲು ತೆಗೆದೆ. ಅವರು ಮೊರದಿಂದ ಕೈ ತೆಗೆಯಲಿಲ್ಲ. "ಮಡಗಿರವ್ವ. ಸಣ್ಣೋರ್ಗೆಲ್ಲ ಕೊಟ್ಟು ಮಿಕ್ಕಿದ್ರೆ ನೋಡಾನ. ಅರಿಶಿನ ಹಚ್ಚಕ್ಕೂ ಸರೋಜಿನೇ ಕರ್ಕೊಳಿ, ಅವ್ಳ ಕೈ ನುಣ್ಣಗದೆ."

ಚೈತ್ರಳ ಮುಖ ಕಣ್ಣಮುಂದೆ ಬಂತು. "ತಪ್ಪು ನಂದೇ ಅಕ್ಕ. ನಾನೇ ಗುಂಡಿ ಒತ್ತಿದ್ದು. ಸರೋಜ ಕೇಳಿದಾಗ ಬಾಯಿಬಿಟ್ಟು ಹೇಳ್ಲೂ ಇಲ್ಲ" ಎಂದೆ. ಯಜಮಾನರು ಕಾರಿಗೆ ಓಡಿ ಟ್ಯಾಬನ್ನೂ ಡಬ್ಬಿಯನ್ನೂ ತಂದು, ಆಕಾಶದಲ್ಲಿ ಹನ್ನೊಂದು ಉಪಗ್ರಹ ಇವೆಯೆಂದೂ, ಅವು ಹೇಳಿದ ಹತ್ತಿರದ ದಾರಿ ಇದೆಂದೂ, ನಲವತ್ತು ಕಿಲೋಮೀಟರ್ ಉಳಿತಾಯವೆಂದೂ ವಿವರಿಸಿದರು. ಜಯಮ್ಮಕ್ಕ ಮೊರ ಪಕ್ಕಕ್ಕಿಟ್ಟು ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡರು. ನೀಲಿ ಗೆರೆಯ ಮೇಲೆ ಬೆರಳಾಡಿಸಿದರು.

"ಇದು ಹುಣಸೂರಾ?"

"ಊಂ ಅಕ್ಕ."

"ಇಲ್ಲಿಂದ ಪಿರಿಯಾಪಟ್ಣ. ಇದು ಸರೋಜಿ ಊರು. ಇಂಗ್ ಬಂದು ಕೆಆರ್ ನಗರ. ಇದು ನಾನು. ಇಲ್ಲಿಂದ ಕ್ವಾಟೆ ಮ್ಯಾಲೆ ತಿರ್ಗಾ ಹುಣಸೂರು. ಸುತ್ತ ಬಂದು ಬಳೆ ಅಂಗೆ ಅದೆ."

"ಊಂ ಅಕ್ಕ."

"ಅಲ್ಲಾ, ಬಳೇನ ಅತ್ಲಿಂದ ಸುತ್ತುದ್ರೂ ಅಷ್ಟೇಯ, ಇತ್ಲಿಂದ ಸುತ್ತುದ್ರೂ ಅಷ್ಟೇಯ. ಕ್ವಾಟೆ ಕಡೆಯಿಂದ ಹೊಂಟಿದ್ರೆ ನಾನು ಮೊದ್ಲು ಬತ್ತಿದ್ದೆ, ಸರೋಜಿ ಆಮ್ಯಾಕೆ ಬತ್ತಿದ್ಲು. ಕಿಲೋಮೀಟ್ರು ಎಚ್ಚಾಯ್ತಿತ್ತೇನ್ಲಾ?"

ನಾವಿಬ್ಬರೂ ನಕ್ಷೆ ನೋಡಿದೆವು. ಒಬ್ಬರ ಮುಖ ಒಬ್ಬರು ನೋಡಿದೆವು. ಇಲ್ಲ. ಒಂದು ಮೀಟರೂ ಹೆಚ್ಚಾಗುತ್ತಿರಲಿಲ್ಲ.

"ಹನ್ನೊಂದ್ ಜನ ಮ್ಯಾಲೆ ಕೂತ್ಕಂಡು, ನೀವಿಬ್ರು ಕೆಳಗೆ ಕೂತ್ಕಂಡು, ಒಬ್ರಿಗೂ ಒಳೀನಿಲ್ವಲ್ಲಾ. ದಡ್ಡ ಮುಂಡೇದೆ!"

ಬೈಗುಳ ಕೇಳಿ ಯಜಮಾನರ ಕಣ್ಣಿನಲ್ಲಿ ನೀರು ಬಂತು. ಅಕ್ಕ ಮತ್ತೆ ಏಕವಚನಕ್ಕೆ ಇಳಿದಿದ್ದರು. ಆದರೆ ಪತ್ರಿಕೆಯನ್ನು ಮಾತ್ರ ಮುಟ್ಟಲಿಲ್ಲ. ಮುದ್ದೆ ಉಣ್ಣಿಸಿ, ಕಾರಿನ ತನಕ ಬಂದು ಹೇಳಿದರು.

"ಇವತ್ತು ನೀವು ಎಲ್ಲೂ ಓಗಿಲ್ಲ, ಯಾರ್ಗೂ ಕೊಟ್ಟಿಲ್ಲ. ನಾಳೀಕೆ ಇತ್ಲಿಂದ ಸುತ್ಕಂಡ್ ಬನ್ನಿ. ಸರೋಜಿ ಅಟ್ಟಿಗೆ ನಾನೂ ಬತ್ತೀನಿ. ಅಲ್ಲಿ ಎಂಗೆ ನಡೀತದೆ ನೋಡ್ಕಂಡು, ಅರಿಶಿನದ್ದು ಆಮ್ಯಾಕೆ ಯೋಳ್ತೀನಿ."

ದಾರಿಯಲ್ಲಿ ಸರೋಜಳಿಗೆ ಫೋನು ಮಾಡಿ ನಿಜ ಒಪ್ಪಿಕೊಂಡು, ನಾಳೆಯ ಏರ್ಪಾಡನ್ನೂ ಹೇಳಿದೆ. "ಅಯ್ಯೋ ಅತ್ತಿಗೆ, ಕಜ್ಜಾಯ ನುಂಗಿ ಯೋಳ್ಬಾರ್ದಿತ್ತಾ!" ಎಂದಳು. ಮನೆ ಮುಟ್ಟುವ ಹೊತ್ತಿಗೆ ಗುಂಪಿನಲ್ಲಿ ಫೋಟೋ ಇದ್ದ ಕಡೆ, ಈ ಸಂದೇಶವನ್ನು ಅಳಿಸಲಾಗಿದೆ ಎಂದು ಬಂದಿತ್ತು.

ಮರುದಿನ ಕೋಟೆ ಕಡೆಯಿಂದ ಹೊರಟು ಹಂಪಾಪುರ ಮುಟ್ಟಿದಾಗ ಜಯಮ್ಮಕ್ಕ ರೇಷ್ಮೆ ಸೀರೆಯುಟ್ಟು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಕಾದಿದ್ದರು. "ಏನ್ಲಾ ನಾಗ, ಇಷ್ಟೊತ್ನಲ್ಲಿ? ಏನಮ್ಮಿ ಸುಶೀಲ, ಏನ್ ಸಮಾಚಾರ?" ಎಂದು ನಿನ್ನೆ ನಮ್ಮನ್ನು ಕಂಡೇ ಇಲ್ಲವೆಂಬಂತೆ ಕೇಳಿದರು. ಕುಂಕುಮ ಕೊಟ್ಟು, ಪತ್ರಿಕೆಯಿಟ್ಟು ಕರೆದೆವು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ನಮ್ಮ ಜೊತೆಗೆ ಕಾರು ಹತ್ತಿದರು. ಮುಂದಿನ ಸೀಟಿನಲ್ಲಿ ಕೂತವರು, ಬಿಸಿಲಿಗೆ ಕಾಯುತ್ತದೆಂದು ಡಬ್ಬಿಯನ್ನು ತಮ್ಮ ಎಲೆಯಡಿಕೆಯ ಹಿತ್ತಾಳೆ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದರು. ಸಿಗ್ನಲ್ ಇಲ್ಲ ಎಂದು ಟ್ಯಾಬು ಗೋಗರೆಯಿತು.

"ಸುಮ್ಕಿರು, ನನ್ ತಂಗಿ ಅಟ್ಟಿ ನಂಗೊತ್ತು" ಎಂದು ಅದನ್ನು ಗದರಿಕೊಂಡರು. ಭೇರ್ಯದವರೆಗೂ ನಾವು ಅವರ ಬೆರಳು ತೋರಿಸಿದ ಕಡೆಯೇ ಹೋದದ್ದು.

ಸರೋಜ ಬಾಗಿಲಿಗೆ ಬಂದಳು. "ಅಯ್ಯೋ! ಅಕ್ಕ! ಅಣ್ಣ! ಒಂದ್ ಫೋನೂ ಇಲ್ದೆ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ನಾಟಕ ಸ್ವಲ್ಪ ಹೆಚ್ಚೇ ಆಯಿತು. ನನ್ನ ಜೀವ ಮಾತ್ರ ಪತ್ರಿಕೆಗಳ ಚೀಲದಲ್ಲಿತ್ತು. ಸರೋಜಳ ಹೆಸರು ಬರೆದಿದ್ದ ಪತ್ರಿಕೆ ಒಂದೇ, ಅದು ನಿನ್ನೆಯೇ ಅವಳಿಗೆ ಸೇರಿತ್ತು. ಹೊಸದನ್ನು ತರಲು ನಾನು ಮರೆತಿದ್ದೆ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಪಿಸುಗುಟ್ಟಿದೆ. ಅವಳು ಟೀ ಪುಡಿ ಡಬ್ಬಿಯ ಹಿಂದಿನಿಂದ ನಿನ್ನೆಯ ಪತ್ರಿಕೆ ಎಳೆದು ನನ್ನ ಸೆರಗಿನೊಳಗೆ ತುರುಕಿದಳು. "ತಕ್ಕೊಳಿ ಅತ್ತಿಗೆ, ಇದ್ನೇ ಕೊಡಿ. ಬೇಗ!"

ನಡುಮನೆಗೆ ಬಂದು, ಕುಂಕುಮ ಕೊಟ್ಟು, ಎಲೆ ಅಡಿಕೆಯ ಮೇಲೆ ಪತ್ರಿಕೆಯಿಟ್ಟೆ.

"ಅಕ್ಕಂಗೆ ಮೊದ್ಲು ಕೊಟ್ರಾ ಅತ್ತಿಗೆ?" ಎಂದು ಸರೋಜ ಗಟ್ಟಿಯಾಗಿ ಕೇಳಿದಳು.

"ಕೊಟ್ಟೇ ಬಂದ್ವಿ ಸರೋಜ." ಈ ಸಲ ಬಾಯಿಯಲ್ಲಿ ಏನೂ ಇರಲಿಲ್ಲ.

ಅವಳು ಕೈ ಚಾಚುವಷ್ಟರಲ್ಲಿ ಜಯಮ್ಮಕ್ಕ, "ತಡಿ" ಎಂದು ಪತ್ರಿಕೆಯನ್ನು ಎತ್ತಿಕೊಂಡರು. ಗಣಪತಿಯ ಚಿತ್ರದ ಸುತ್ತ, ಅಚ್ಚು ಹೊಡೆದಂತೆ, ಕಾಫಿ ಲೋಟದ ದುಂಡನೆಯ ಕಲೆಯಿತ್ತು. ಯಜಮಾನರು ತೊಲೆ ನೋಡತೊಡಗಿದರು. ಸರೋಜ ನೆಲ ನೋಡಿದಳು. ನನಗೆ ನೋಡಲು ಏನೂ ಉಳಿಯಲಿಲ್ಲ.

"ಇದೇನಮ್ಮಿ ಸುಶೀಲ, ಪ್ರೆಸ್‌ನೋರು ಕಾಪಿ ಕುಡ್ದು ಇದ್ರ ಮ್ಯಾಲೇ ಲೋಟ ಮಡಗವ್ರೆ?"

"ಇರ್ಬೇಕು ಅಕ್ಕ" ಎಂದೆ.

ಅಕ್ಕ ಮೂವರ ಮುಖವನ್ನೂ ಒಂದು ಸುತ್ತು ನೋಡಿದರು. ಸೆರಗಿನ ತುದಿಯಿಂದ ಕಲೆಯನ್ನು ಒರೆಸಿದರು. ಅದು ಹೋಗಲಿಲ್ಲ.

"ಪಾಪ, ಅವರಾದ್ರೂ ಏನ್ ಮಾಡಾರು, ಮದ್ವೆ ಸೀಜನ್ನು" ಎಂದು ಪತ್ರಿಕೆಯನ್ನು ತಾವೇ ತಂಗಿಯ ಕೈಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅರಿಶಿನದ ಕೊಂಬು ಒಸಾದು ತಂದು ಮಡಗಮ್ಮಿ, ಅಂಗಡಿ ಪುಡಿ ನಮ್ಮ ಮಗೀಗೆ ಬ್ಯಾಡ. ನಾನು ನಾಕ್ ದಿನ ಮುಂಚೇನೇ ಬಂದು ಅರೀತೀನಿ" ಎಂದರು.